ಒಂದು ಪದ, ಒಂದೇ ವಿರುದ್ಧ ಪದ?

ತಪ್ಪು ಕಲ್ಪನೆ: ಇಂಗ್ಲಿಷಿನ ಪ್ರತಿ ಪದಕ್ಕೂ ಒಂದೇ ವಿರುದ್ಧ ಪದ, ಪಟ್ಟಿ ಬಾಯಿಪಾಠ ಮಾಡಿದರೆ ಮುಗಿಯಿತು.

ಸತ್ಯ: ವಿರುದ್ಧ ಪದ ಹುಟ್ಟುವುದು ಅರ್ಥದಿಂದ. ಅರ್ಥ ನಾಲ್ಕಿದ್ದರೆ ವಿರುದ್ಧ ಪದಗಳೂ ನಾಲ್ಕು ಆಗಬಹುದು.

ಈಚೆಗೆ ತಂಗಿಯ ಮಗಳ ಉತ್ತರ ಪತ್ರಿಕೆ ನೋಡಿ ಸಿಟ್ಟು ಬಂತು. ‘ಮಿಸ್’ ಕ್ರಿಯಾಪದದ ವಿರುದ್ಧ ಪದ ಕೇಳಿದ್ದರು. ಹುಡುಗಿ ‘ಹಿಟ್’ ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಶಾಯಿಯ ಗೀಟು, ಪಕ್ಕದಲ್ಲಿ ‘ಕ್ಯಾಚ್’ ಎಂಬ ತಿದ್ದುಪಡಿ, ಅಂಕ ಸೊನ್ನೆ.

ಬಸ್ ಮಿಸ್ ಆದರೆ ಅದಕ್ಕೆ ವಿರುದ್ಧ ಕ್ಯಾಚ್, ಒಪ್ಪೋಣ. ಎಸೆದ ಕಲ್ಲು ಗುರಿ ತಪ್ಪಿದರೂ ಅದು ಮಿಸ್ಸೇ. ಅಲ್ಲಿ ವಿರುದ್ಧ ಪದ ಹಿಟ್. ತರಗತಿ ಮಿಸ್ ಮಾಡಿದ್ದಕ್ಕೆ ಅಟೆಂಡ್. ಪ್ರೂಫ್ ತಿದ್ದುವವರ ಕಣ್ಣಿಗೆ ಬೀಳದೆ ಉಳಿದ ತಪ್ಪೂ ಮಿಸ್, ಕಣ್ಣಿಗೆ ಬಿದ್ದರೆ ಸ್ಪಾಟ್. ಹಾಸ್ಟೆಲಿನ ಮಗು ಅಮ್ಮನನ್ನು ಮಿಸ್ ಮಾಡಿಕೊಳ್ಳುತ್ತದಲ್ಲ, ಆ ಅರ್ಥಕ್ಕೆ ಸರಿಯಾಗಿ ಎದುರು ನಿಲ್ಲುವ ಒಂಟಿ ಪದ ಇಂಗ್ಲಿಷಿನಲ್ಲಿ ಬಳಕೆಯಲ್ಲೇ ಇಲ್ಲ. ತಿರುಗಿಸಿ ನೋಡಿದರೂ ಲೆಕ್ಕ ಕೂಡುವುದಿಲ್ಲ: ಫೀಲ್ಡರ್ ಕೈಗೆ ಬಂದ ಚೆಂಡನ್ನು ನೆಲಕ್ಕೆ ಬಿಟ್ಟರೆ ಕ್ಯಾಚ್‌ಗೆ ವಿರುದ್ಧ ಡ್ರಾಪ್, ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಟ್ಟರೆ ರಿಲೀಸ್.

ಕನ್ನಡ ಬಲ್ಲವರಿಗೆ ಇದು ಹೊಸದೇನಲ್ಲ. ಹಾಸಿಗೆಯಿಂದ ‘ಏಳು’ ಎಂಬುದಕ್ಕೆ ವಿರುದ್ಧ ‘ಮಲಗು’, ಕುರ್ಚಿಯಿಂದ ‘ಏಳು’ ಎಂಬುದಕ್ಕೆ ‘ಕೂರು’. ಸೋತವರು ‘ಏಳು’ವುದಕ್ಕೆ ‘ಬೀಳು’. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಕೆಲಸ ಶುರುವಾದ ‘ವರ್ಡ್‌ನೆಟ್’ ಎಂಬ ಇಂಗ್ಲಿಷ್ ಪದಕೋಶವೂ ಒಂದೊಂದು ಅರ್ಥವನ್ನು ಬೇರೆ ಮಾಡಿಯೇ ವಿರುದ್ಧ ಪದವನ್ನು ಜೋಡಿಸುತ್ತದೆ.

ಇನ್ನೆರಡು ನಂಬಿಕೆಗಳು. ‘ಇನ್’ ಸೇರಿಸಿದರೆ ಅರ್ಥ ತಿರುಗುತ್ತದೆಯೇ? ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡೂ ಬೇಗ ಬೆಂಕಿ ಹೊತ್ತಿಕೊಳ್ಳುವಂಥದ್ದೇ. ಟ್ಯಾಂಕರ್ ಹತ್ತಿರ ನಿಲ್ಲುವವರಿಗೆ ಇದು ತಿಳಿದಿರಲೇಬೇಕು. ಎಲ್ಲ ಪದಕ್ಕೂ ವಿರುದ್ಧ ಪದ ಇದೆಯೇ? ಟೇಬಲ್‌ಗೆ ಹುಡುಕಿ ನೋಡಿ.

ಗೈಡಿನಲ್ಲಿ ಅಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ನಂಬುವ ಚಾಳಿ ನಮ್ಮನ್ನು ಬಿಟ್ಟಿಲ್ಲ. ಯೋಚಿಸಿ ಬರೆದ ಮಗುವಿಗೆ ಸೊನ್ನೆ, ಉರು ಹೊಡೆದ ಮಗುವಿಗೆ ಪೂರ್ಣ ಅಂಕ. ಇದರಿಂದ ಮಕ್ಕಳು ಕಲಿಯುವುದು ಭಾಷೆಯನ್ನಲ್ಲ, ಅಂಜಿಕೆಯನ್ನು.

ಪ್ರಶ್ನೆಪತ್ರಿಕೆ ತಯಾರಿಸುವ ಶಿಕ್ಷಕರೇ, ಬರೀ ಪದ ಕೊಡಬೇಡಿ, ವಾಕ್ಯ ಕೊಡಿ. ವಾಕ್ಯ ಕೊಟ್ಟಿಲ್ಲವೆಂದರೆ, ಅರ್ಥಕ್ಕೆ ಹೊಂದುವ ಯಾವ ಉತ್ತರಕ್ಕೂ ಅಂಕ ಕೊಡಿ.