ಕೈಕಟ್ಟಿಕೊಂಡು ಕಡಲಿಗೆ

ಹ್ಯಾವ್‌ಲಾಕ್ ದ್ವೀಪದ ಪೂರ್ವದ ದಂಡೆಗೆ ಬೆಳಗು ಐದರ ಸುಮಾರಿಗೇ ಬಂದುಬಿಡುತ್ತದೆ. ಅಂಡಮಾನ್ ಮ್ಯಾನ್ಮಾರ್–ಥಾಯ್ಲೆಂಡ್ ಕಡೆಗೆ ಅಷ್ಟು ದೂರ ಸರಿದು ಕೂತಿದ್ದರೂ ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಸೂರ್ಯ ಇಲ್ಲಿ ಬೇಗ ಎದ್ದು ಬೇಗ ಮಲಗುತ್ತಾನೆ. ಚಳಿಗಾಲದಲ್ಲಿ ಸಂಜೆ ಐದೂವರೆಗೆಲ್ಲ ದೀಪ ಹಚ್ಚಬೇಕು.

ವಿಜಯನಗರದ ಐದನೇ ನಂಬರ್ ಬೀಚಿನಲ್ಲಿ ಇಳಿತದ ಹೊತ್ತು. ನೀರು ಬಹುದೂರ ಹಿಂದೆ ಸರಿದಿದೆ. ಕಟ್ಟಿಹಾಕಿದ ದೋಣಿಗಳು ಒದ್ದೆ ಮರಳಿನ ಮೇಲೆ ಒಂದು ಮಗ್ಗುಲಿಗೆ ಒರಗಿವೆ. ಕಲ್ಲುಹೊಂಡಗಳಲ್ಲಿ ಬೆರಳುದ್ದದ ಮೀನುಗಳು ಸಿಕ್ಕಿಬಿದ್ದು ಭರತಕ್ಕೆ ಕಾಯುತ್ತಿವೆ. ತೆಂಗಿನ ಬುಡದಲ್ಲಿ ಬಿದ್ದ ಶಂಖದ ಚಿಪ್ಪೊಂದು ನೋಡನೋಡುತ್ತಲೇ ಎದ್ದು ನಡೆಯುತ್ತದೆ. ಒಳಗೆ ಸನ್ಯಾಸಿ ಏಡಿ.

ಸರ್ಕಾರದ ಕಾಗದದಲ್ಲಿ 2018ರಿಂದ ಇದು ಸ್ವರಾಜ್ ದ್ವೀಪ. ಪೋರ್ಟ್ ಬ್ಲೇರಿನಿಂದ ಹಡಗಿನಲ್ಲಿ ಎರಡು ಗಂಟೆಯ ಆಸುಪಾಸಿನ ದಾರಿ. ಊರುಗಳ ಹೆಸರು ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ದೇಶ ಒಡೆದಾಗ ಪೂರ್ವ ಬಂಗಾಳದಿಂದ ನೆಲೆ ಕಳೆದುಕೊಂಡು ಬಂದವರಿಗೆ 1950ರ ದಶಕದಲ್ಲಿ ಇಲ್ಲಿ ನೆಲ ಕೊಡಲಾಯಿತು. ಅವರ ಮೊಮ್ಮಕ್ಕಳು ಇಂದು ಗೋವಿಂದನಗರದ ಪೇಟೆಯಲ್ಲಿ ಮೀನು ಮಾರುತ್ತಾರೆ, ಸ್ಕೂಟರ್ ಬಾಡಿಗೆಗೆ ಕೊಡುತ್ತಾರೆ, ಪ್ರವಾಸಿಗರನ್ನು ಕಡಲ ತಳಕ್ಕೆ ಕರೆದೊಯ್ಯುತ್ತಾರೆ.

ಅಮ್ಮನಿಗೆ ಈ ಕೊನೆಯ ಕಸುಬು ಒಪ್ಪಿಗೆಯಿಲ್ಲ. ಕುಂದಾಪುರದವಳು ಆಕೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಜನ ಸ್ಕೂಬಾ ಮಾಡಲು ಹೋಗುವುದನ್ನು ಕೇಳಿ ನಕ್ಕವಳು. ಕಡಲಿಗೆ ಕೈಮುಗಿದು, ಕಾಲು ತೊಳೆದು, ಬೆನ್ನು ತೋರಿಸದೆ ಹಿಂದೆ ಬರುವುದಷ್ಟೇ ಆಕೆಯ ಲೆಕ್ಕದಲ್ಲಿ ಸಮುದ್ರಸ್ನಾನ. "ಮೊಗವೀರರೇ ಅಂಜಿ ಇಳಿಯುವ ಕಡಲು. ಅದ್ರ ತಳ ನೋಡೂ ಹುಚ್ಚು ನಿಮಗೆಂತಕ್ಕೆ ಮಾರಾಯ?"

ಡೈವ್ ಅಂಗಡಿಯಲ್ಲಿ ಮೊದಲು ಕಾಗದದ ಪರೀಕ್ಷೆ. ಉಬ್ಬಸ ಇದೆಯೇ, ಹೃದಯದ ತೊಂದರೆ, ಕಿವಿಯ ಆಪರೇಷನ್, ಇವತ್ತು ನೆಗಡಿ? ಹತ್ತು ವರ್ಷ ತುಂಬಿರಬೇಕು; ಮಗಳಿಗೆ ತುಂಬಿ ಎರಡು ವರ್ಷವಾಗಿದೆ. ಬಳಿಕ ಮೈಗಂಟುವ ರಬ್ಬರ್ ಉಡುಪು, ಸೊಂಟಕ್ಕೆ ಸೀಸದ ಬಿಲ್ಲೆಗಳು, ಬೆನ್ನಿಗೆ ಸಿಲಿಂಡರ್. ಅದರೊಳಗೆ ಇರುವುದು ಶುದ್ಧ ಆಮ್ಲಜನಕವಲ್ಲ, ನಾವು ದಿನವೂ ಉಸಿರಾಡುವ ಗಾಳಿಯೇ, ಅದುಮಿ ತುಂಬಿದ್ದು. ಬೇಕಾದಷ್ಟೇ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರನ್ನು 1943ರಲ್ಲಿ ಫ್ರಾನ್ಸಿನ ಕೂಸ್ಟೊ ಮತ್ತು ಗಾನ್ಯಾಂ ಪಳಗಿಸಿದರು.

ಸೊಂಟಮಟ್ಟದ ನೀರಿನಲ್ಲಿ ಪಾಠ. ಕಲಿಸುವವನು ಇದೇ ದ್ವೀಪದ ಹುಡುಗ, ಹಿಂದಿ ಮಾತಿಗೆ ಬಂಗಾಳಿ ರಾಗ. ಹೆಬ್ಬೆರಳು ಮೇಲೆತ್ತಿದರೆ 'ಚೆನ್ನಾಗಿದ್ದೇನೆ' ಎಂದಲ್ಲ, 'ಮೇಲೆ ಹೋಗೋಣ' ಎಂದು. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು. ಏನೇ ಆದರೂ ಉಸಿರು ಕಟ್ಟಬಾರದು: ಹತ್ತು ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು, ಅಲ್ಲಿ ಎಳೆದ ಗಾಳಿ ಮೇಲೇರುತ್ತ ಹಿಗ್ಗುತ್ತದೆ, ಬಿಡದಿದ್ದರೆ ಶ್ವಾಸಕೋಶಕ್ಕೇ ಅಪಾಯ. ಕೊನೆಯದಾಗಿ, ಏನನ್ನೂ ಮುಟ್ಟಬಾರದು, ಕೈಕಟ್ಟಿಕೊಳ್ಳಿ.

"ಮಗಳ ಕೈ ನಾನು ಹಿಡಿದುಕೊಳ್ಳಲೇ?" ಎಂದಳು ಹೆಂಡತಿ. "ಬೇಡ ದೀದಿ. ನಾನೂ ಕೈ ಹಿಡಿಯುವುದಿಲ್ಲ, ಸಿಲಿಂಡರ್ ಹಿಡಿಯುತ್ತೇನೆ," ಎಂದ. ಒಬ್ಬೊಬ್ಬರಿಗೆ ಒಬ್ಬೊಬ್ಬ ಮಾರ್ಗದರ್ಶಿ. ರಸ್ತೆ ದಾಟುವಾಗ ಈಗಲೂ ಮಗಳ ಮಣಿಕಟ್ಟು ಬಿಡದ ತಾಯಿ, ಎರಡೂ ಅಂಗೈ ಸೇರಿಸಿ ಹೆಣೆದುಕೊಂಡು ನೀರಿಗಿಳಿದಳು.

ನೀಮೊ ರೀಫ್. ಮೊದಲು ಹೋಗುವುದು ಮಾತು, ಆಮೇಲೆ ತೂಕ, ಆಮೇಲೆ ಕೆಂಪು. ನೀರು ಕೆಂಪು ಬೆಳಕನ್ನು ಮೊದಲ ಕೆಲವೇ ಮೀಟರುಗಳಲ್ಲಿ ನುಂಗುತ್ತದೆ. ಮಗಳ ಉಗುರಿನ ಬಣ್ಣ ಕಂದಾಯಿತು. ಉಳಿದದ್ದು ನೀಲಿ, ಹಸಿರು, ಮತ್ತು ಕಿವಿತುಂಬ ತನ್ನದೇ ಉಸಿರು. ಅವಸರದಲ್ಲಿ ಎಳೆದರೆ ಗಾಳಿ ಬೇಗ ಮುಗಿಯುತ್ತದೆ, ನಿಧಾನವಾದಷ್ಟೂ ಹೆಚ್ಚು ನೋಡಬಹುದು. ಮನೆಯಲ್ಲಿ ಯಾರ ಮಾತಿಗೂ ನಿಧಾನವಾಗದ ಮಗಳು ಇಲ್ಲಿ ಎಲ್ಲರಿಗಿಂತ ನಿಧಾನ.

ತೂಗಾಡುವ ಅನಿಮೊನಿಯ ಎಳೆಗಳ ನಡುವೆ ಕಿತ್ತಳೆ–ಬಿಳಿ ಪಟ್ಟೆಯ ಕೋಡಂಗಿ ಮೀನುಗಳು. ಮೈಮೇಲಿನ ಲೋಳೆ ಇರುವುದರಿಂದ ಆ ಎಳೆಗಳ ವಿಷ ಅವಕ್ಕೆ ತಾಗದು. ಸಂಸಾರದಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಅವಳು ಸತ್ತರೆ ಗಂಡೇ ಹೆಣ್ಣಾಗಿ ಯಜಮಾನಿಕೆ ವಹಿಸಿಕೊಳ್ಳುತ್ತದೆ. ಅಂಗೈಯಗಲದ ಆ ಪೋಕರಿ ಮನೆಯ ಮುಂದೆ ಬಂದು ನಮ್ಮ ಮುಖಗವಸಿಗೆ ಎದುರಾಗಿ ನಿಂತು ಗದರಿಸಿ ಹೋಯಿತು. ಆಚೆ ಗಿಳಿಮೀನುಗಳು ಬಂಡೆ ಕೆರೆಯುತ್ತಿದ್ದವು. ಪಕ್ಕದ ಕೋಣೆಯಲ್ಲಿ ಯಾರೋ ಕೋಡುಬಳೆ ಕಡಿದ ಹಾಗೆ ಸದ್ದು. ಅವು ಜಗಿದು ಹೊರಹಾಕಿದ್ದೂ ದಂಡೆಯ ಬಿಳಿ ಮರಳಿನಲ್ಲಿ ಸೇರಿದೆ.

ಎಲ್ಲ ಕಡೆ ಬಣ್ಣವಿರಲಿಲ್ಲ. ಬೂದುಬಣ್ಣದ ಮುರುಕುಗಳು ರಾಶಿ ಬಿದ್ದ ಬಯಲುಗಳೂ ಇದ್ದವು. ಹವಳ ಕಲ್ಲಲ್ಲ, ಲಕ್ಷಾಂತರ ಪುಟ್ಟ ಜೀವಗಳ ಒಕ್ಕಲು. ಒಳಗೆ ವಾಸವಿರುವ ಪಾಚಿ ಅದಕ್ಕೆ ಅನ್ನ, ಬಣ್ಣ ಎರಡನ್ನೂ ಕೊಡುತ್ತದೆ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಗಟ್ಟಿ ಬಿಳಿಚಿಕೊಳ್ಳುತ್ತದೆ. 2010ರಲ್ಲಿ ಅಂಡಮಾನಿನ ಕಡಲು ಕಾದಾಗ ಹಾಗೆ ಬಿಳಿಚಿ ಸತ್ತವು ಬಹಳ. ಗುಂಡನೆಯ ಹವಳವೊಂದು ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಕಾಲಿನ ಒಂದು ಒದೆತಕ್ಕೆ ಹತ್ತಾರು ವರ್ಷದ ಬೆಳೆ ಹೋದೀತು. ಕೈಕಟ್ಟಿಕೊಳ್ಳಿ ಎಂದದ್ದು ಶಿಸ್ತಿಗಾಗಿ ಅಲ್ಲ.

ಮೇಲೆ ಬಂದೊಡನೆ ಮೂವರೂ ಒಟ್ಟಿಗೇ ಮಾತಾಡಿದೆವು, ಯಾರೂ ಕೇಳಿಸಿಕೊಳ್ಳಲಿಲ್ಲ. ದಂಡೆಯಲ್ಲಿ ಅಮ್ಮ ಎಳನೀರು ಮಾರುವ ಬಂಗಾಳಿ ಮುದುಕಿಯ ಜೊತೆ ಆಗಲೇ ನೆಂಟಸ್ತನ ಬೆಳೆಸಿದ್ದಳು. ಇವಳಿಗೆ ಬಂಗಾಳಿ ಬಾರದು, ಆಕೆಗೆ ಕನ್ನಡ ಬಾರದು. ಇವಳು ಬಂಗುಡೆ, ಆಕೆ ಇಲಿಶ್. ಸಾರಿಗೆ ತೆಂಗಿನಕಾಯಿ ಹಾಕಬೇಕೋ ಸಾಸಿವೆಯೋ ಎಂದು ಕೈಸನ್ನೆಯಲ್ಲೇ ಜಗಳ.

ಹೊರಡುವ ಹಿಂದಿನ ದಿನ ನೀರಿಗಿಳಿಯುವಂತಿಲ್ಲ. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಹೊರಹೋಗಲು ಹೊತ್ತು ಬೇಕು. ಮತ್ತೆಮತ್ತೆ ಇಳಿದವರು ವಿಮಾನ ಏರುವ ಮುನ್ನ 18 ಗಂಟೆಯಾದರೂ ಕಾಯಬೇಕು. ಹಾಗೆ ದಕ್ಕಿದ ಬಿಡುವಿನಲ್ಲಿ ಎಲ್ಲರೂ ರಾಧಾನಗರದ ಬೀಚಿಗೆ ಹೋದೆವು. ಹಿಂದೆ ದಟ್ಟ ಕಾಡು, ಮುಂದೆ ಹಿಟ್ಟಿನಂತೆ ನುಣ್ಣನೆಯ ಮರಳು. ಅಮ್ಮ ಅಂದವಾದ ಚಿಪ್ಪೊಂದನ್ನು ಹೆಕ್ಕಿ ಸೆರಗಿನಲ್ಲಿ ಗಂಟು ಹಾಕತೊಡಗಿದಳು.

"ಅಜ್ಜಿ, ಬಿಟ್ಬಿಡು. ಅದು ಏಡಿ ಮನೆ."

ಅಮ್ಮ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಎಲ್ಲಿತ್ ಏಡಿ? ಖಾಲಿ."

"ಖಾಲಿ ಇದ್ರೆ ನಾಳೆ ಯಾರಾದ್ರೂ ಬಾಡಿಗೆಗೆ ಬರ್ತಾರೆ. ಅವು ಬೆಳೆದ ಹಾಗೆ ದೊಡ್ಡ ಮನೆ ಹುಡುಕ್ತವೆ."

ಅಮ್ಮ ಒಂದು ಕ್ಷಣ ಮೊಮ್ಮಗಳನ್ನೂ ಚಿಪ್ಪನ್ನೂ ನೋಡಿದಳು. ಅಲೆ ಮುಟ್ಟದ ಜಾಗ ಹುಡುಕಿ, ಬಾಯಿ ಮೇಲಾಗದ ಹಾಗೆ ಬೋರಲಾಗಿ ಇಟ್ಟು, ಸೊಂಟ ಹಿಡಿದು ಎದ್ದಳು.

"ಅಡ್ಡಿಲ್ಲ. ಬಾಡಿಗೆ ವಸೂಲಿ ಮಾಡೂದ್ ಯಾರು?"