ಹುಂಡಿಗೆ ತೆರಿಗೆ ಬೇಕೆ?

ಯಾದಗಿರಿ ಪೇಟೆಯ ಒಬ್ಬ ಕಿರಾಣಿ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳೋಣ. ವರ್ಷದ ಗಳಿಕೆ ನಿಗದಿತ ಮಿತಿ ದಾಟಿದರೆ ಆತ ಆದಾಯ ತೆರಿಗೆ ಕಟ್ಟಬೇಕು. ಅಂಗಡಿಯ ಕಟ್ಟಡಕ್ಕಾಗಿ ನಗರಸಭೆಗೆ ಆಸ್ತಿ ತೆರಿಗೆ ಕಟ್ಟಬೇಕು. ಅದೇ ಬೀದಿಯಲ್ಲಿ ಒಂದು ಚರ್ಚು ಇದೆ, ಒಂದು ಗುಡಿ ಇದೆ, ಒಂದು ಮಸೀದಿ ಇದೆ, ಒಂದು ಟ್ರಸ್ಟು ನಡೆಸುವ ಪ್ರೌಢಶಾಲೆಯೂ ಇದೆ ಎನ್ನೋಣ. ಇವುಗಳಿಗೂ ಹಣ ಬರುತ್ತದೆ: ಕಾಣಿಕೆ, ಹುಂಡಿ, ದೇಣಿಗೆ, ಶುಲ್ಕ, ಬಾಡಿಗೆ. ಆದರೆ ಕಾನೂನಿನ ಷರತ್ತುಗಳನ್ನು ಪಾಲಿಸಿದರೆ ಇವುಗಳ ಆದಾಯಕ್ಕೆ ತೆರಿಗೆ ಇಲ್ಲ. "ಇದು ನ್ಯಾಯವೇ?" ಎಂದು ಆ ವ್ಯಾಪಾರಿ ಕೇಳಿದರೆ ನಾವು ಏನು ಹೇಳಬೇಕು?

ಈ ಪ್ರಶ್ನೆಯನ್ನು ಭಕ್ತಿಯಿಂದ ಬಿಡಿಸಲಾಗದು, ಸಿಟ್ಟಿನಿಂದಲೂ ಬಿಡಿಸಲಾಗದು. ಲೆಕ್ಕ ಹಾಕಿ ಬಿಡಿಸಬೇಕು.

ವಿನಾಯಿತಿ ಎಂದರೇನು?

ವಿಜ್ಞಾನದ ವಿದ್ಯಾರ್ಥಿಗಳಿಗೆ ಶಕ್ತಿಯ ನಿತ್ಯತೆಯ ನಿಯಮ ಗೊತ್ತು. ಶಕ್ತಿ ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆ ಕಾಣಿಸಿಕೊಳ್ಳಲೇಬೇಕು. ಖಜಾನೆಯ ಲೆಕ್ಕವೂ ಹೆಚ್ಚು ಕಡಿಮೆ ಹಾಗೆಯೇ. ಒಬ್ಬರು ಕೊಡದ ರೂಪಾಯಿಯನ್ನು ಉಳಿದವರು ತುಂಬಬೇಕು, ಇಲ್ಲವೇ ಅಷ್ಟರಮಟ್ಟಿಗೆ ಸರಕಾರದ ಕೆಲಸ ಕಡಿಮೆಯಾಗಬೇಕು. ಆದ್ದರಿಂದ ವಿನಾಯಿತಿ ಪುಕ್ಕಟೆಯಲ್ಲ. ಅದು ನಾವೆಲ್ಲರೂ ಸೇರಿ, ಕಾಣದ ಕೈಯಿಂದ ಕೊಡುವ ಸಹಾಯಧನ.

ಒಂದು ಉದಾಹರಣೆ ನೋಡಿ. ಶೇಕಡ 20ರ ದರದಲ್ಲಿ ತೆರಿಗೆ ಕಟ್ಟುವ ಒಬ್ಬ ನೌಕರರು ಮಾನ್ಯತೆ ಪಡೆದ ಒಂದು ಧರ್ಮಾರ್ಥ ಸಂಸ್ಥೆಗೆ 10,000 ರೂಪಾಯಿ ದಾನ ಕೊಡುತ್ತಾರೆ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿದ್ದರೆ, ಸಾಮಾನ್ಯವಾಗಿ ದಾನದ ಅರ್ಧದಷ್ಟನ್ನು, ಅಂದರೆ 5,000 ರೂಪಾಯಿಯನ್ನು, ಅವರು ಆದಾಯದಿಂದ ಕಳೆದು ತೋರಿಸಬಹುದು. ಅವರಿಗೆ ಉಳಿಯುವ ತೆರಿಗೆ 1,000 ರೂಪಾಯಿ. ಹಾಗಾದರೆ ಆ ದಾನದಲ್ಲಿ 9,000 ರೂಪಾಯಿ ದಾನಿಯದು, 1,000 ರೂಪಾಯಿ ಸಾರ್ವಜನಿಕರದು. ಸೋಪು ಕೊಳ್ಳುವಾಗ ಜಿಎಸ್‌ಟಿ ಕೊಡುವ ಸುರಪುರದ ಕೂಲಿಕಾರರೂ ಈ ಸಾರ್ವಜನಿಕರಲ್ಲಿ ಸೇರಿದ್ದಾರೆ.

ಶಾಸನಗಳ ಕಾಲದಿಂದಲೂ

ಈ ಪದ್ಧತಿ ಇಂಗ್ಲಿಷರು ತಂದದ್ದು ಎಂದು ಕೆಲವರು ತಿಳಿದಿದ್ದಾರೆ. ನಮ್ಮ ಭಾಗದ ಶಾಸನಗಳು ಬೇರೆಯೇ ಹೇಳುತ್ತವೆ. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ 'ಸರ್ವನಮಸ್ಯ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಎಲ್ಲ ತೆರಿಗೆಗಳಿಂದ ಮುಕ್ತವಾಗಿ ಕೊಟ್ಟ ಭೂಮಿ ಎಂದು ಅದರ ಅರ್ಥ. ಆದರೆ ಆ ಶಾಸನಗಳು ಭೂಮಿಯನ್ನು ಕೊಟ್ಟು ಸುಮ್ಮನಾಗುವುದಿಲ್ಲ. ದೇವರ ಪೂಜೆಗೆ, ಗುಡಿಯ ಜೀರ್ಣೋದ್ಧಾರಕ್ಕೆ, ತಪಸ್ವಿಗಳ ಆಹಾರದಾನಕ್ಕೆ, ವಿದ್ಯಾದಾನಕ್ಕೆ ಎಂದು ಖರ್ಚಿನ ಬಾಬುಗಳನ್ನೂ ಕಲ್ಲಿನ ಮೇಲೆ ಕೆತ್ತಿಸುತ್ತವೆ.

ಯಾದಗಿರಿಯ ನೆರೆಯ ಚಿತ್ತಾಪುರದ ಹತ್ತಿರ ನಾಗಾವಿ ಇದೆ. ಅಲ್ಲಿನ ಘಟಿಕಾಸ್ಥಾನದ 1058ರ ಶಾಸನ ಇದಕ್ಕೆ ಒಳ್ಳೆಯ ಸಾಕ್ಷಿ. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವ ಉಪಾಧ್ಯಾಯರು, ಪುಸ್ತಕ ಭಂಡಾರವನ್ನು ನೋಡಿಕೊಳ್ಳುವ 6 ಮಂದಿ 'ಸರಸ್ವತೀ ಭಂಡಾರಿ'ಗಳು, ಇವರೆಲ್ಲರ ಜೀವನಕ್ಕೆ ಬಿಟ್ಟ ಭೂಮಿ, ಎಲ್ಲದರ ವಿವರ ಅದರಲ್ಲಿದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಕಲ್ಲಿನ ಮೇಲೆ ಬರೆದ ಟ್ರಸ್ಟ್ ಪತ್ರ. ಊರಿನವರೆಲ್ಲ ನೋಡುವಂತೆ ನಿಲ್ಲಿಸಿದ ಪತ್ರ ಎಂಬುದನ್ನು ನೆನಪಿಟ್ಟುಕೊಳ್ಳಿ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರೋಣ.

ಮುಂದೆ ಆದಿಲಶಾಹಿಗಳ ಕಾಲ ಬಂದಿತು. ಅವರ ಮೊದಲ ಅರಸರ ಸಮಾಧಿಗಳು ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಚಂದಾ ಹುಸೇನಿ ದರ್ಗಾದ ಆವರಣದಲ್ಲಿವೆ. ನಂತರ ಸುರಪುರದ ನಾಯಕರು, ಆಮೇಲೆ ಹೈದರಾಬಾದಿನ ನಿಜಾಮರು ಆಳಿದರು. ಅರಸರು ಬದಲಾದರೂ ಇನಾಮು ಭೂಮಿಯ ಪದ್ಧತಿ ಉಳಿಯಿತು. ನಿಜಾಮರ ಆಡಳಿತದಲ್ಲಿ ಗುಡಿ, ಮಸೀದಿ, ದರ್ಗಾಗಳ ವ್ಯವಹಾರ ನೋಡಿಕೊಳ್ಳಲು 'ಉಮೂರೆ ಮಜಹಬಿ' ಎಂಬ ಇಲಾಖೆಯೇ ಇತ್ತು. ಸ್ವಾತಂತ್ರ್ಯಾನಂತರದ ಇನಾಮು ರದ್ದಿಯಾತಿ ಮತ್ತು ಭೂಸುಧಾರಣೆಯ ಕಾನೂನುಗಳಿಂದ ಈ ವ್ಯವಸ್ಥೆ ಬಹುಮಟ್ಟಿಗೆ ಕೊನೆಗೊಂಡಿತು. ಭೂಮಿ ಕಳೆದುಕೊಂಡ ಗುಡಿಗಳಿಗೆ ಸರಕಾರ ವರ್ಷಕ್ಕೊಮ್ಮೆ ಕೊಡುವ ನಗದಿಗೆ ಇಂದಿಗೂ 'ತಸ್ತೀಕು' ಎನ್ನುತ್ತಾರೆ.

ಇಂದಿನ ಕಾನೂನು ಏನು ಹೇಳುತ್ತದೆ?

ಸ್ವತಂತ್ರ ಭಾರತದಲ್ಲಿ ಈ ವಿಷಯದ ಮುಖ್ಯ ಕಾನೂನು 1961ರ ಆದಾಯ ತೆರಿಗೆ ಕಾಯಿದೆ. ಅದರ ಸ್ಥಾನಕ್ಕೆ ತಂದ 2025ರ ಹೊಸ ಕಾಯಿದೆಯ ಜಾರಿಯ ದಿನಾಂಕ 2026ರ ಏಪ್ರಿಲ್ 1. ಹೊಸ ಕಾಯಿದೆ ಇಂಥ ಸಂಸ್ಥೆಗಳನ್ನು 'ನೋಂದಾಯಿತ ಲಾಭರಹಿತ ಸಂಸ್ಥೆ' ಎಂಬ ಒಂದೇ ಹೆಸರಿನಡಿ ತಂದಿದೆ. ಮೂಲ ತತ್ವಗಳು ಹಳೆಯವೇ.

ಬಡವರ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಪರಿಸರ ಮತ್ತು ಸ್ಮಾರಕಗಳ ರಕ್ಷಣೆ, ಸಾರ್ವಜನಿಕರಿಗೆ ಉಪಯುಕ್ತವಾದ ಇತರ ಕೆಲಸಗಳು ಧರ್ಮಾರ್ಥ ಉದ್ದೇಶಗಳು. ಪೂಜೆ, ಪ್ರಾರ್ಥನೆ ಮುಂತಾದ ಧಾರ್ಮಿಕ ಉದ್ದೇಶಗಳಿಗೂ ವಿನಾಯಿತಿ ಉಂಟು. ಆದರೆ ಅದು ಸಾರ್ವಜನಿಕರಿಗಾಗಿ ಇರಬೇಕು. ಒಂದು ಮನೆತನದ ಸ್ವಂತ ಗುಡಿಗೆ ಸಿಗದು. ಮುಖ್ಯ ಷರತ್ತುಗಳು ಹೀಗಿವೆ:

ಒಂದು, ಸಂಸ್ಥೆ ನೋಂದಣಿ ಮಾಡಿಸಬೇಕು. ಅದನ್ನು ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ, ಸಣ್ಣ ಸಂಸ್ಥೆಯಾದರೆ 10 ವರ್ಷಕ್ಕೊಮ್ಮೆ ನವೀಕರಿಸಬೇಕು.

ಎರಡು, ವರ್ಷದ ಆದಾಯದಲ್ಲಿ ಶೇಕಡ 85ರಷ್ಟನ್ನಾದರೂ ಉದ್ದೇಶಕ್ಕೆ ಬಳಸಬೇಕು. 10 ಲಕ್ಷ ರೂಪಾಯಿ ಬಂದರೆ ಎಂಟೂವರೆ ಲಕ್ಷ ಕೆಲಸಕ್ಕೆ ಹೋಗಬೇಕು. ನಿರ್ದಿಷ್ಟ ಕೆಲಸಕ್ಕೆಂದು ಮೊದಲೇ ತಿಳಿಸಿ ಕೂಡಿಡಲು ಮಾತ್ರ ಬೇರೆ ಅವಕಾಶವಿದೆ.

ಮೂರು, ಸಂಸ್ಥಾಪಕರು, ಟ್ರಸ್ಟಿಗಳು, ಅವರ ನೆಂಟರು ಆ ಹಣದಿಂದ ಲಾಭ ಪಡೆಯಬಾರದು.

ನಾಲ್ಕು, ಧರ್ಮಾರ್ಥ ಸಂಸ್ಥೆ ಒಂದೇ ಜಾತಿಯ ಅಥವಾ ಒಂದೇ ಮತದವರ ಹಿತಕ್ಕಾಗಿ ಇರಬಾರದು. 1961ರ ಕಾಯಿದೆ ಬರುವ ಮೊದಲೇ ಹುಟ್ಟಿದ ಸಂಸ್ಥೆಗಳಿಗೆ ಇದು ಅನ್ವಯಿಸದು.

ನಾಲ್ಕನೆಯ ಷರತ್ತನ್ನು ಗಮನವಿಟ್ಟು ನೋಡಿ. ಚರ್ಚು ಆಸ್ಪತ್ರೆ ಕಟ್ಟಬಹುದು, ಮಠ ಕಾಲೇಜು ಕಟ್ಟಬಹುದು. ಆದರೆ ಬಾಗಿಲು ಎಲ್ಲರಿಗೂ ತೆರೆದಿರಬೇಕು. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆ ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳಿಂದ ಬಂದದ್ದು. ರೋಗಕ್ಕೆ ಜಾತಿ ಇಲ್ಲದಂತೆ ಔಷಧಕ್ಕೂ ಜಾತಿ ಇರಬಾರದು ಎಂಬುದೇ ಕಾನೂನಿನ ಆಶಯ.

ಹುಂಡಿಯ ವಿಷಯ ಸ್ವಲ್ಪ ಬೇರೆ. ದಾನಿಯ ಹೆಸರಿಲ್ಲದೆ ಬಂದ ಹಣ ಒಂದು ಮಿತಿ ಮೀರಿದರೆ ಧರ್ಮಾರ್ಥ ಸಂಸ್ಥೆ ಅದಕ್ಕೆ ಶೇಕಡ 30 ತೆರಿಗೆ ಕೊಡಬೇಕೆಂಬ ನಿಯಮ 2006ರಲ್ಲಿ ಬಂದಿತು. ಕೇವಲ ಧಾರ್ಮಿಕವಾದ ಸಂಸ್ಥೆಗಳನ್ನು ಅದರಿಂದ ಹೊರಗಿಡಲಾಯಿತು. ಜಾತ್ರೆಯ ಗದ್ದಲದಲ್ಲಿ ಹುಂಡಿಗೆ ಹತ್ತು ರೂಪಾಯಿ ಹಾಕಿದವರ ಹೆಸರು ಬರೆದಿಡುವುದು ಹೇಗೆ ಸಾಧ್ಯ?

ಎಲ್ಲಕ್ಕೂ ವಿನಾಯಿತಿ ಇಲ್ಲ

ದೇವರ ಹೆಸರಿದ್ದರೆ ಸಾಕು, ತೆರಿಗೆಯೇ ಇಲ್ಲ ಎಂಬ ಮಾತು ತಪ್ಪು. ಚರ್ಚಿನ ಗೋಡೆಗೆ ತರುವ ಸಿಮೆಂಟಿಗೂ ಜಿಎಸ್‌ಟಿ ಇದೆ. ಜಿಎಸ್‌ಟಿ ನೋಂದಣಿಯ ಮಿತಿ ದಾಟಿದ ಧಾರ್ಮಿಕ ಸಂಸ್ಥೆ ತನ್ನ ಕಲ್ಯಾಣ ಮಂಟಪವನ್ನು ದಿನಕ್ಕೆ 10,000 ರೂಪಾಯಿ ಅಥವಾ ಹೆಚ್ಚಿಗೆ ಬಾಡಿಗೆಗೆ ಕೊಟ್ಟರೆ ತೆರಿಗೆ ಬೀಳುತ್ತದೆ. ಮಳಿಗೆಗೆ ತಿಂಗಳಿಗೆ ಅಷ್ಟು ಬಾಡಿಗೆ ಇದ್ದರೂ ಹಾಗೆಯೇ. ಅನುದಾನಿತ ಶಾಲೆಗಳಲ್ಲಿ ಕಲಿಸುವ ಕ್ರೈಸ್ತ ಸನ್ಯಾಸಿನಿಯರು, ಪಾದ್ರಿಗಳು ತಮ್ಮ ಸಂಬಳವನ್ನು ಪೂರ್ತಿ ತಮ್ಮ ಸಂಘಕ್ಕೆ ಒಪ್ಪಿಸಿದರೂ ಸಂಬಳದಲ್ಲಿ ತೆರಿಗೆ ಮುರಿದುಕೊಳ್ಳಬೇಕು ಎಂಬ ನಿಲುವನ್ನು ಸುಪ್ರೀಂ ಕೋರ್ಟು 2024ರಲ್ಲಿ ಎತ್ತಿಹಿಡಿಯಿತು. ಶಿಕ್ಷಣದ ಹೆಸರಿನಲ್ಲಿ ವಿನಾಯಿತಿ ಕೇಳುವ ಸಂಸ್ಥೆ ಶಿಕ್ಷಣವನ್ನಷ್ಟೇ ನಡೆಸಬೇಕು, ಲಾಭಕ್ಕೆ ಹೊರಡಬಾರದು ಎಂದು ಅದೇ ನ್ಯಾಯಾಲಯ 2022ರ ಅಕ್ಟೋಬರಿನಲ್ಲಿ ಹೇಳಿತು.

ತೆರಿಗೆಯಲ್ಲದ ವಂತಿಗೆಗಳೂ ಇವೆ. ನಮ್ಮ ರಾಜ್ಯದ 1997ರ ಧಾರ್ಮಿಕ ದತ್ತಿ ಕಾಯಿದೆಯಡಿ, ಹೆಚ್ಚು ಆದಾಯದ ದೇವಾಲಯಗಳು ಒಂದು ಪಾಲನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಕೊಡಬೇಕು. ಬಡ ಗುಡಿಗಳ ದುರಸ್ತಿಗೆ ಅದು ನೆರವಾಗುತ್ತದೆ. ಈ ಪಾಲನ್ನು ಬದಲಿಸುವ 2024ರ ಮಸೂದೆ ದೊಡ್ಡ ವಿವಾದವಾಗಿ, ರಾಜ್ಯಪಾಲರಿಂದ ಹಿಂದಿರುಗಿತು. ವಕ್ಫ್ ಸಂಸ್ಥೆಗಳು ತಮ್ಮ ನಿವ್ವಳ ಆದಾಯದಲ್ಲಿ ವಕ್ಫ್ ಮಂಡಲಿಗೆ ಕೊಡಬೇಕಾದ ವಂತಿಗೆಯನ್ನು 2025ರ ತಿದ್ದುಪಡಿ ಶೇಕಡ 7ರಿಂದ 5ಕ್ಕೆ ಇಳಿಸಿತು.

ಇನ್ನೊಂದು ಅಂಶ. ಮುಜರಾಯಿ ಇಲಾಖೆಗೆ ಸೇರಿದ ದೇವಾಲಯಗಳಲ್ಲಿ ಸುಮಾರು 34,000 'ಸಿ' ವರ್ಗದವು. ಅವುಗಳ ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ. ಅದಕ್ಕಿಂತ ಹೆಚ್ಚು ಆದಾಯದವು 400ರ ಆಸುಪಾಸು ಮಾತ್ರ. ಹಳ್ಳಿಯ ಹನುಮಪ್ಪನ ಗುಡಿಯಿಂದ ತೆರಿಗೆ ಎತ್ತಿ ಖಜಾನೆ ತುಂಬಿಸುತ್ತೇವೆ ಎನ್ನುವುದು ಲೆಕ್ಕ ತಿಳಿಯದ ಮಾತು.

ವಿರೋಧಿಸುವವರ ವಾದ

ಹಾಗೆಂದು ವಿರೋಧಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಯಾವುದೇ ಒಂದು ಮತದ ಪ್ರಚಾರಕ್ಕೆಂದೇ ಮೀಸಲಾದ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲವಂತ ಮಾಡಬಾರದು ಎಂದು ನಮ್ಮ ಸಂವಿಧಾನದ 27ನೆಯ ವಿಧಿ ಹೇಳುತ್ತದೆ. ವಿನಾಯಿತಿ ಸಹಾಯಧನವಾದರೆ, ದೇವರನ್ನೇ ನಂಬದವನು ಎಲ್ಲ ದೇವರಿಗೂ ಕಾಣಿಕೆ ಕೊಟ್ಟಂತಾಗಲಿಲ್ಲವೇ ಎಂದು ಅವರು ಕೇಳುತ್ತಾರೆ. ಅಮೆರಿಕದಲ್ಲಿ ಇದೇ ಪ್ರಶ್ನೆ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಎಲ್ಲ ಮತಗಳಿಗೂ, ಇತರ ಲಾಭರಹಿತ ಸಂಸ್ಥೆಗಳಿಗೂ ಸಮನಾಗಿ ಸಿಗುವ ವಿನಾಯಿತಿ ಯಾವ ಮತವನ್ನೂ ಪೋಷಿಸಿದಂತಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಆದರೆ ಅದೇ ನ್ಯಾಯಾಲಯ 1983ರಲ್ಲಿ, ವರ್ಣಭೇದ ಮಾಡುತ್ತಿದ್ದ ಬಾಬ್ ಜೋನ್ಸ್ ಎಂಬ ಧಾರ್ಮಿಕ ವಿಶ್ವವಿದ್ಯಾಲಯಕ್ಕೆ ವಿನಾಯಿತಿ ಇಲ್ಲ ಎಂದಿತು. ಸಮಾಜದ ಹಣ ಬೇಕಾದರೆ ಸಮಾಜದ ನೀತಿಯನ್ನೂ ಪಾಲಿಸಬೇಕು ಎಂಬುದು ಅದರ ಸಾರ.

ಎರಡನೆಯ ವಾದ ದುರುಪಯೋಗದ್ದು. ಹೆಸರಿಗೆ ಟ್ರಸ್ಟು, ನಡೆಯುವುದು ವ್ಯಾಪಾರ. ಪ್ರವೇಶ ಬೇಕಾದರೆ 'ಡೊನೇಷನ್' ಕೊಡಿ ಎನ್ನುವ ಶಾಲೆಯನ್ನು ಏನೆನ್ನಬೇಕು? ಮನಸ್ಸಿನಿಂದ ಕೊಟ್ಟದ್ದು ದಾನ, ಕೇಳಿ ಕಿತ್ತುಕೊಂಡದ್ದು ಬೆಲೆ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾಯಿದೆ ಮಾಡಿದೆ. ದಾನಕ್ಕೆ ಕೊಡುವ ವಿನಾಯಿತಿಯನ್ನು ಬೆಲೆಗೆ ಬಳಸಿದರೆ ಆ ಶಾಲೆ ಪೋಷಕರಿಗೂ ಖಜಾನೆಗೂ ಒಟ್ಟಿಗೆ ಮೋಸ ಮಾಡಿದಂತೆ.

ನಮ್ಮ ಜಿಲ್ಲೆಯ ಲೆಕ್ಕ

ಈಗ ನಮ್ಮ ಮನೆಯ ಅಂಗಳಕ್ಕೆ ಬರೋಣ. ಯಾದಗಿರಿ 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇಕಡ 51.83; ಇಡೀ ರಾಜ್ಯದಲ್ಲೇ ಕಡಿಮೆ. ತಂದೆತಾಯಿ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋದಾಗ ಊರಿನಲ್ಲಿ ಉಳಿದ ಮಗುವಿಗೆ ಊಟ, ವಸತಿ, ಪಾಠ ಯಾರು ಕೊಡುತ್ತಾರೆ? ಸರಕಾರಿ ಶಾಲೆ ಮತ್ತು ವಸತಿನಿಲಯಗಳ ಜೊತೆಗೆ ಮಠದ ಪ್ರಸಾದ ನಿಲಯ, ಮಿಷನ್ ಶಾಲೆ, ಟ್ರಸ್ಟಿನ ಹಾಸ್ಟೆಲು ಈ ಹೊರೆಯಲ್ಲಿ ಪಾಲು ಪಡೆಯಬಲ್ಲವು. ಅವು ಪ್ರಾಮಾಣಿಕವಾಗಿ ನಡೆದರೆ, ಬಿಟ್ಟುಕೊಟ್ಟ ತೆರಿಗೆಗಿಂತ ಹೆಚ್ಚಿನ ಬೆಲೆಯ ಕೆಲಸ ಸಮಾಜಕ್ಕೆ ಸಿಗುತ್ತದೆ. ವಿನಾಯಿತಿ ತೆಗೆದರೆ ಮೊದಲು ಮುಚ್ಚುವುದು ದೊಡ್ಡ ಸಂಸ್ಥೆಯಲ್ಲ, ಇಂಥ ಊರಿನ ಸಣ್ಣ ಹಾಸ್ಟೆಲು. ಅದೇ ರೀತಿ ವಿನಾಯಿತಿ ದುರುಪಯೋಗವಾದರೆ ಹೆಚ್ಚು ನಷ್ಟ ಇಂಥ ಜಿಲ್ಲೆಗೇ. ಖಜಾನೆಗೆ ಬರಬೇಕಾದ ಹಣವೂ ಬರಲಿಲ್ಲ, ಮಗುವಿಗೆ ಪಾಠವೂ ಸಿಗಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ವಿನಾಯಿತಿ ಇರಲಿ, ಎಲ್ಲ ಮತಗಳಿಗೂ ಒಂದೇ ಅಳತೆಯಲ್ಲಿ ಇರಲಿ. ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರನ ಸನ್ನಿಧಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಅಂಥ ನಾಡಿನಲ್ಲಿ ತೆರಿಗೆ ಅಧಿಕಾರಿ ದೇವರ ಹೆಸರು ಕೇಳುವುದು ಸಲ್ಲದು. ಆತ ಕೇಳಬೇಕಾದದ್ದು ಕೆಲಸವನ್ನು.

ಆದರೆ ಅಧಿಕಾರಿಯೊಬ್ಬನೇ ಕೇಳಿದರೆ ಸಾಲದು. ಸಂಸ್ಥೆಗಳ ಲೆಕ್ಕಪತ್ರ ಇಲಾಖೆಗೆ ಹೋಗುತ್ತದೆ. ಕಾಣಿಕೆ ಕೊಟ್ಟವರ ಕಣ್ಣಿಗೆ ಬೀಳುವುದು ಅಪರೂಪ. ಇಂಗ್ಲೆಂಡಿನಲ್ಲಿ ನೋಂದಾಯಿತ ಧರ್ಮಾರ್ಥ ಸಂಸ್ಥೆಗಳ ವಿವರವನ್ನು ಯಾರು ಬೇಕಾದರೂ ನೋಡಬಹುದು. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಾಗಾವಿಯಲ್ಲಿ ಸಾವಿರ ವರ್ಷಗಳ ಹತ್ತಿರ ಹತ್ತಿರ ಹಿಂದೆಯೇ ದಾನದ ಉದ್ದೇಶವನ್ನು ಕಲ್ಲಿನಲ್ಲಿ ಕೆತ್ತಿ ಊರಿನ ಮುಂದೆ ನಿಲ್ಲಿಸಿದ್ದರು. ವರ್ಷಕ್ಕೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಯಾವುದಕ್ಕೆ ಎಂಬುದನ್ನು ಕನ್ನಡದಲ್ಲಿ ಬರೆದು ಚರ್ಚಿನ, ಗುಡಿಯ, ದರ್ಗಾದ, ಶಾಲೆಯ ಬಾಗಿಲಿಗೆ ಅಂಟಿಸಲು ಒಂದು ಹಾಳೆ ಸಾಕು. ಕಿರಾಣಿ ವ್ಯಾಪಾರಿಯ ಪ್ರಶ್ನೆಗೆ ಉತ್ತರ ಆ ಹಾಳೆಯಲ್ಲಿ ಇರಬೇಕು.

ಚರ್ಚೆಗೆ ಪ್ರಶ್ನೆಗಳು

1. ಪೂಜೆ, ಪ್ರಾರ್ಥನೆಗೆ ಮಾತ್ರ ಬಳಸುವ ಹಣಕ್ಕೂ, ಶಾಲೆ ಆಸ್ಪತ್ರೆಗೆ ಬಳಸುವ ಹಣಕ್ಕೂ ಒಂದೇ ರೀತಿಯ ವಿನಾಯಿತಿ ಇರಬೇಕೆ?

2. ನಿಮ್ಮ ಊರಿನ ಒಂದು ಟ್ರಸ್ಟು ಅಥವಾ ಸಂಘ ಕಳೆದ ವರ್ಷ ಮಾಡಿದ ಕೆಲಸಗಳನ್ನು ಪಟ್ಟಿ ಮಾಡಿ. ಅದು ಇಲ್ಲದಿದ್ದರೆ ಆ ಕೆಲಸವನ್ನು ಯಾರು ಮಾಡಬೇಕಾಗಿತ್ತು?

3. ಲೆಕ್ಕವನ್ನು ಬಹಿರಂಗಪಡಿಸದ ಸಂಸ್ಥೆಗೆ ವಿನಾಯಿತಿ ನಿಲ್ಲಿಸಬಹುದೆ? ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು ತರಗತಿಯಲ್ಲಿ ಮಾತನಾಡಿ.