ಹಳೆಯ ಕಾರು ಕೊಳ್ಳುವ ಮುನ್ನ

2006ರ ಕೇಂದ್ರ ಮುಂಗಡಪತ್ರವು ಸಣ್ಣ ಎಂಜಿನ್ನಿನ, 4 ಮೀಟರಿಗೆ ಮೀರದ ಕಾರುಗಳ ಸುಂಕ ಇಳಿಸಿದ ಬಳಿಕ, ಆ ಅಳತೆಯೊಳಗೇ ಎತ್ತರದ ಗಾಡಿಗಳು ಸಿದ್ಧವಾದವು. 2013ರ ಇಕೋಸ್ಪೋರ್ಟ್, 2016ರ ಬ್ರೆಝಾ, 2017ರ ನೆಕ್ಸಾನ್ ಇಂಥವು. ಥಾಣೆ, ನವಿ ಮುಂಬಯಿಗಳಲ್ಲಿ ಇವು ಎರಡನೆಯ ಒಡೆಯನ ಕೈಸೇರುವಾಗ ಹೊರಗಿನ ಹೊಳಪೇನೋ ಉಳಿದಿರುತ್ತದೆ, ರೋಗವು ಒಳಗಿರುತ್ತದೆ.

ಕಲ್ಯಾಣ–ಶಿಳ್ ರಸ್ತೆಯಲ್ಲಿ ನಿಂತು ನಿಂತು ಸಾಗುವ ಡೊಂಬಿವಲಿಯ ಗಾಡಿಗಳಲ್ಲಿ ಬೇಗ ಸವೆಯುವುದು ಕ್ಲಚ್. ಎಂಜಿನ್ ಗರ್ಜಿಸಿದರೂ ಗಾಡಿ ಏರು ಹತ್ತದಿದ್ದರೆ ಅದರ ಕಾಲ ಮುಗಿಯಿತೆಂದೇ ತಿಳಿಯಬೇಕು. ಬದಲಾವಣೆಗೆ 10 ಸಾವಿರ ರೂಪಾಯಿ ಮೀರುವುದು ಸಾಮಾನ್ಯ. ಗುಂಡಿಗಳಲ್ಲಿ ಕೇಳಿಬರುವ ಕಟಕಟ ಶಬ್ದವು ಹೆಚ್ಚಾಗಿ ಲಿಂಕ್ ರಾಡ್, ಬುಷ್‌ಗಳದು. ಅಷ್ಟಕ್ಕೇ ವ್ಯವಹಾರ ಬಿಡಬೇಕಾಗಿಲ್ಲ.

ಅಂಜಬೇಕಾದುದು ನೀರಿಗೆ. 2005ರ ಜುಲೈ 26ರ ಮಳೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಗಾಳಿಯ ಕೊಳವೆಯ ಮೂಲಕ ಸಿಲಿಂಡರಿಗೆ ನುಗ್ಗಿದ ನೀರು ಗಾಳಿಯಂತೆ ಕುಗ್ಗದು. ಆಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೆರೆಯಲ್ಲಿ ನಿಂತ ಗಾಡಿಯನ್ನು ಮತ್ತೆ ಚಾಲೂ ಮಾಡಲೆತ್ನಿಸಿದರೆ ಹಾನಿ ಇಮ್ಮಡಿಸುತ್ತದೆ. ಎಂಜಿನ್ ಬಿಚ್ಚಿ ಸರಿಪಡಿಸುವ ವೆಚ್ಚ ಲಕ್ಷ ಮುಟ್ಟಬಹುದು. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಆ ಹೊರೆ ಬಹುಮಟ್ಟಿಗೆ ಒಡೆಯನದೇ.

ಇಂಥ ಗಾಡಿಯನ್ನು ಒರೆಸಿ ತೊಳೆದು ಮಾರುವವರಿದ್ದಾರೆ. ಸೀಟುಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಗೆರೆಯಿದೆಯೇ, ಸ್ಟೆಪ್ನಿಯ ಗುಣಿಯಲ್ಲಿ, ಸೀಟಿನಡಿಯ ಕಂಬಿಗಳಲ್ಲಿ ತುಕ್ಕಿದೆಯೇ ನೋಡಬೇಕು. ಒಳಗೆ ಸುಗಂಧ ಅತಿಯಾಗಿದ್ದರೆ ಸಂಶಯಪಡುವುದೇ ಲೇಸು. ಸರ್ವಿಸ್ ದಾಖಲೆಯನ್ನೂ ಹಿಂದಿನ ವಿಮೆ ಕ್ಲೇಮುಗಳ ವಿವರವನ್ನೂ ಮುಂಗಡ ಕೊಡುವ ಮೊದಲೇ ಕೇಳಿ ಪಡೆಯತಕ್ಕದ್ದು.